ಯೆರಿಕೋವಿನ ಕುರುಡರನ್ನು ಒಟ್ಟುಸೇರಿಸಿ ಹೊಲಿಯಬೇಡಿ

ಆರಾಧನೆ ಮುಗಿಸಿ ಬಂದು ಇನ್ನೂ ಊಟಕ್ಕೆ ಕುಳಿತಿಲ್ಲ. ಇದನ್ನು ಬರೆಯದೆ ತುತ್ತು ಗಂಟಲಲ್ಲಿ ಇಳಿಯದು.

ಇಂದಿನ ಪ್ರಸಂಗ ಬಾರ್ತಿಮಾಯನ ಕುರಿತು. ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳಲ್ಲಿ ಮೂರು ಈ ಕಥೆಯನ್ನು ಹೇಳುತ್ತವೆ. ಮಾರ್ಕನ ಪ್ರಕಾರ ಯೇಸು ಯೆರಿಕೋ ಊರನ್ನು ಬಿಟ್ಟು ಹೊರಡುವಾಗ ಈ ಕುರುಡ ಭಿಕ್ಷುಕ ಕೂಗುತ್ತಾನೆ, ಹೊದಿಕೆಯನ್ನು ಬಿಸುಟು ಎದ್ದು ಬರುತ್ತಾನೆ. ಲೂಕನಲ್ಲಿ ಯೇಸು ಇನ್ನೂ ಊರನ್ನು ಸಮೀಪಿಸುತ್ತಿದ್ದಾನೆ, ಕುರುಡನಿಗೆ ಹೆಸರಿಲ್ಲ. ಮತ್ತಾಯನಲ್ಲಿ ಕುರುಡರು ಇಬ್ಬರು. ಬೋಧಕರು ಮೂರನ್ನೂ ಸೇರಿಸಿ ಹೊಲಿದರು: ಊರು ಸೇರುವಾಗ ಕೂಗಿದ, ಹೊರಡುವಾಗ ಗುಣವಾದ, ಜೊತೆಯಲ್ಲಿ ಇನ್ನೊಬ್ಬನೂ ಇದ್ದ. ಕೊನೆಗೆ, ನಂಬಿದವನಿಗೆ ಕಣ್ಣು ಬಂತು ಎಂದು ಮುಗಿಸಿದರು.

ಆ ಹೊಲಿಗೆಯಲ್ಲಿ ಮತ್ತಾಯನ ಮಾತು ಮುಚ್ಚಿಹೋಯಿತು. "ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು" ಎಂಬುದು ಮಾರ್ಕನಲ್ಲಿದೆ, ಲೂಕನಲ್ಲಿದೆ. ಮತ್ತಾಯನ 20ನೆಯ ಅಧ್ಯಾಯದಲ್ಲಿ ಇಲ್ಲ. ಅಲ್ಲಿ ಯೇಸು ಕನಿಕರಪಟ್ಟು ಅವರ ಕಣ್ಣುಗಳನ್ನು ಮುಟ್ಟುತ್ತಾನೆ, ಅಷ್ಟೇ. ಇದೇ ಮತ್ತಾಯ 9ನೆಯ ಅಧ್ಯಾಯದಲ್ಲಿ ಬೇರೆ ಇಬ್ಬರು ಕುರುಡರನ್ನು ಯೇಸು "ನಂಬುತ್ತೀರೋ?" ಎಂದು ಕೇಳಿದ್ದನ್ನು ಬರೆದಿದ್ದಾನೆ. ಯೆರಿಕೋವಿನಲ್ಲಿ ಆ ಪ್ರಶ್ನೆಯೇ ಇಲ್ಲ. ಆ ಮೌನ ನನಗೆ ಬೇಕು.

ನನ್ನ ಅಮ್ಮನ ಕಣ್ಣಿನ ಸಂಗತಿ ನಿಮಗೆಲ್ಲ ಗೊತ್ತು. ಗ್ಲಾಕೋಮಾ ತಿಂದ ದೃಷ್ಟಿ ಮರಳಿ ಬರುವುದಿಲ್ಲ ಎಂದು ವೈದ್ಯರು ಹೇಳಿದ ಮೇಲೆ, ಒಂದು ಪ್ರಾರ್ಥನಾಕೂಟದಲ್ಲಿ ಅವಳ ತಲೆಯ ಮೇಲೆ ಕೈಯಿಟ್ಟವರೊಬ್ಬರು "ಅಮ್ಮಾ, ನಿಮ್ಮ ನಂಬಿಕೆಯಲ್ಲೇ ಎಲ್ಲೋ ಕೊರತೆಯಿದೆ" ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ. ಅದಕ್ಕಾಗಿ ಇಂದಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಹಳೆಯ ಯೆರಿಕೋ ಬೇರೆ, ಹೆರೋದ ಅರಸನ ಅರಮನೆಗಳಿದ್ದ ಹೊಸ ಯೆರಿಕೋ ಬೇರೆ, ಒಂದನ್ನು ಬಿಟ್ಟು ಇನ್ನೊಂದನ್ನು ಸೇರುವ ನಡುವೆ ಕುರುಡನಿಗೆ ಕಣ್ಣು ಬಂತು ಎಂದು ಮಾರ್ಕನನ್ನೂ ಲೂಕನನ್ನೂ ಹೊಂದಿಸುವವರಿದ್ದಾರೆ. ಎರಡೂ ನೆಲೆಗಳು ಇರುವುದು ನಿಜ. ಆದರೆ ಮೂವರಲ್ಲಿ ಯಾರೂ ಎರಡು ಊರುಗಳ ಮಾತೆತ್ತಿಲ್ಲ. ಅವರು ಬರೆಯದ್ದನ್ನು ತುಂಬಿಸಿ, ಬರೆದದ್ದನ್ನು ಏಕೆ ಅಳಿಸಬೇಕು? 2ನೆಯ ಶತಮಾನದಲ್ಲೇ ತಾತಿಯಾನನೆಂಬ ಕ್ರೈಸ್ತ ಲೇಖಕ ನಾಲ್ಕು ಸುವಾರ್ತೆಗಳನ್ನು ಒಂದೇ ಕಥನವಾಗಿ ಹೆಣೆದಿದ್ದ. ಸಿರಿಯಾದ ಸಭೆಗಳು ಅದನ್ನು ಬಹುಕಾಲ ಓದಿದವು. 5ನೆಯ ಶತಮಾನದಲ್ಲಿ ಬಿಷಪ್ ಥಿಯೊಡೊರೆಟ್ ಅದರ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ನಾಲ್ಕು ಸುವಾರ್ತೆಗಳನ್ನೇ ಬೇರೆಬೇರೆಯಾಗಿ ಇರಿಸಿದ. ನಾಲ್ಕು ದನಿಗಳನ್ನು ಹಾಗೆಯೇ ಉಳಿಸಿಕೊಂಡ ಸಭೆಯ ಮಕ್ಕಳು ನಾವು.

ಮಾರ್ಕನೊಬ್ಬನೇ ಹೇಳುವ ಇನ್ನೊಂದು ಘಟನೆಯಿದೆ. ಬೇತ್ಸಾಯಿದದ ಕುರುಡನನ್ನು ಯೇಸು ಮುಟ್ಟಿದಾಗ ಅವನಿಗೆ ಪೂರ್ತಿ ಕಾಣುವುದಿಲ್ಲ. ಮನುಷ್ಯರು ನಡೆದಾಡುವ ಮರಗಳಂತೆ ತೋರುತ್ತಾರೆ. ನಿನ್ನ ನಂಬಿಕೆ ಸಾಲದು ಎಂದು ಯೇಸು ಅವನಿಗೆ ಹೇಳುವುದಿಲ್ಲ. ಮತ್ತೊಮ್ಮೆ ಕಣ್ಣಿನ ಮೇಲೆ ಕೈಯಿಡುತ್ತಾನೆ.

ಕಳೆದ ವಾರ ಇದನ್ನು ಅಮ್ಮನಿಗೆ ಓದಿ ಹೇಳಿದೆ. "ನನಗೂ ನೀವೆಲ್ಲ ಹಾಗೆಯೇ ಕಾಣುತ್ತೀರಿ. ಇನ್ನೊಮ್ಮೆ ಓದು" ಎಂದಳು.