ತೈಲದ ಬೆಲೆ ಇಳಿಯುವ ದಿನಗಳ ಬಗ್ಗೆ

ಕಚ್ಚಾ ತೈಲದ ಬೆಲೆ ಏರಿದಾಗಲೆಲ್ಲ ಪರ್ಯಾಯ ಇಂಧನದ ಮಾತು ಕಾವೇರುತ್ತದೆ, ಇಳಿದ ಕೂಡಲೇ ತಣ್ಣಗಾಗುತ್ತದೆ. ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವುದು ಹೀಗೆ ತಣ್ಣಗಾಗುವ ನಮ್ಮ ಸ್ವಭಾವ.

1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ನಿರ್ಬಂಧ ಹೇರಿದ ಮೇಲೆ, ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರಿನ ಆಸುಪಾಸಿಗೆ ಬಂತು. 1979ರ ಇರಾನ್ ಕ್ರಾಂತಿಯ ನಂತರ ಅದು ಮತ್ತೆ ದುಪ್ಪಟ್ಟಿಗೂ ಮೀರಿತು. ಇಂದು ನಾವು ಹೊಸದೆಂದು ಕೊಂಡಾಡುವ ಎಷ್ಟೋ ತಂತ್ರಜ್ಞಾನಗಳು ಬೇರುಬಿಟ್ಟದ್ದು ಆ ಸಂಕಟದ ವರ್ಷಗಳಲ್ಲೇ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿಯ ಮೂಲ ಕೆಲಸವನ್ನು ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮಾಡಿದ್ದು 1970ರ ದಶಕದಲ್ಲಿ, ಅದೂ ಎಕ್ಸಾನ್ ಎಂಬ ತೈಲ ಕಂಪನಿಯ ಪ್ರಯೋಗಾಲಯದಲ್ಲಿ. 80ರ ದಶಕದಲ್ಲಿ ಕಂಪನಿ ಅದನ್ನು ಕೈಬಿಟ್ಟಿತು. ಲಿಥಿಯಂ ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದದ್ದು 1991ರಲ್ಲಿ, ಜಪಾನಿನ ಸೋನಿಯ ಮೂಲಕ. ವಿಟಿಂಗ್‌ಹ್ಯಾಮ್ ಅವರಿಗೆ ನೊಬೆಲ್ ಸಂದದ್ದು 2019ರಲ್ಲಿ. ಕಳೆದುಹೋದ ಆ ವರ್ಷಗಳನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಡೆನ್ಮಾರ್ಕ್ ಬೇರೆ ದಾರಿ ಹಿಡಿಯಿತು. 70ರ ದಶಕದ ಆರಂಭದಲ್ಲಿ ತನಗೆ ಬೇಕಾದ ಶಕ್ತಿಯ ಸುಮಾರು ಶೇ. 90ರಷ್ಟನ್ನು ತೈಲದಿಂದಲೇ ಪಡೆಯುತ್ತಿದ್ದ ಆ ಪುಟ್ಟ ದೇಶ, 1986ರಲ್ಲಿ ತೈಲ ಬೆಲೆ ಕುಸಿದಾಗ ತೆರಿಗೆ ಏರಿಸಿ, ಅಗ್ಗದ ತೈಲ ಜನರನ್ನು ಮತ್ತೆ ಹಳೆಯ ಅಭ್ಯಾಸಕ್ಕೆ ಎಳೆಯದಂತೆ ನೋಡಿಕೊಂಡಿತು. ಇಂದು ಅಲ್ಲಿನ ವಿದ್ಯುತ್ತಿನ ಸುಮಾರು ಅರ್ಧ ಪಾಲು ಗಾಳಿಯಿಂದ ಬರುತ್ತದೆ.

ಈ ಚರ್ಚೆಯಲ್ಲಿ ಆಗಾಗ ಒಂದು ತಪ್ಪು ನುಸುಳುತ್ತದೆ. ಸೌರ ಫಲಕ ಹಾಕಿದ ಮಾತ್ರಕ್ಕೆ ತೈಲದ ಬಳಕೆ ತಗ್ಗುವುದಿಲ್ಲ, ಏಕೆಂದರೆ ಜಗತ್ತಿನ ವಿದ್ಯುತ್ತಿನಲ್ಲಿ ತೈಲದಿಂದ ತಯಾರಾಗುವುದು ತೀರ ಅಲ್ಪ. ತೈಲದ ಅರ್ಧಕ್ಕಿಂತ ಹೆಚ್ಚು ಪಾಲು ಉರಿದುಹೋಗುವುದು ರಸ್ತೆ, ಹಡಗು ಮತ್ತು ವಿಮಾನಗಳಲ್ಲಿ. ದೂರ ಓಡಿಸಿ ನಿಲ್ಲಿಸಿದ ಬೈಕಿನ ಸೈಲೆನ್ಸರ್‌ಗೆ ಕಾಲು ತಾಗಿದರೆ ಚುರುಕ್ಕೆಂದು ಸುಡುತ್ತದಲ್ಲ, ಆ ಬಿಸಿಯೂ ನಾವು ದುಡ್ಡು ಕೊಟ್ಟು ಕೊಂಡ ಪೆಟ್ರೋಲೇ. ಟ್ಯಾಂಕಿಗೆ ಹಾಕಿದ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸಲು ಒದಗುವುದು ಸುಮಾರು ಕಾಲು ಭಾಗ. ಉಳಿದದ್ದರಲ್ಲಿ ಬಹುಪಾಲು ಹೀಗೆ ಬಿಸಿಯಾಗಿ ಹೊರಹೋಗುತ್ತದೆ. ಬ್ಯಾಟರಿಯಲ್ಲಿ ತುಂಬಿದ ವಿದ್ಯುತ್ತಿನಲ್ಲಾದರೆ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಚಕ್ರವನ್ನು ತಲುಪುತ್ತದೆ, ಬ್ರೇಕ್ ಹಾಕಿದಾಗ ಸ್ವಲ್ಪ ವಾಪಸ್ಸೂ ಬರುತ್ತದೆ. ಆದ್ದರಿಂದ ತೈಲವನ್ನು ನಿಜವಾಗಿ ಬದಲಿಸಬೇಕಾದರೆ ವಾಹನ ಬದಲಾಗಬೇಕು, ಅದರ ಜೊತೆಗೇ ಆ ವಾಹನಕ್ಕೆ ಕರೆಂಟ್ ಕೊಡುವ ಮೂಲವೂ ಬದಲಾಗಬೇಕು. ವಿಮಾನ ಮತ್ತು ದೊಡ್ಡ ಹಡಗುಗಳ ವಿಷಯದಲ್ಲಿ ಹಾದಿ ಇನ್ನೂ ದೂರವಿದೆ.

ಹೊಸ ದಾರಿಯಲ್ಲೂ ಪರಾವಲಂಬನೆ ಇದೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಸೌರ ಫಲಕಗಳ ಬಹುಪಾಲು ತಯಾರಾಗುವುದು ಚೀನಾದಲ್ಲಿ, ಬ್ಯಾಟರಿಗಳಲ್ಲಿ ಬಳಸುವ ಕೋಬಾಲ್ಟ್ ಲೋಹದ ಬಹುಪಾಲು ಬರುವುದು ಕಾಂಗೋದ ಗಣಿಗಳಿಂದ. ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು: ಒಮ್ಮೆ ಕೂರಿಸಿದ ಫಲಕ ಸುಮಾರು 25 ವರ್ಷ ದುಡಿಯುತ್ತದೆ, ತೈಲವನ್ನು ಮಾತ್ರ ಪ್ರತಿದಿನ ಕೊಳ್ಳಬೇಕು. ಕೊಲ್ಲಿ ದೇಶಗಳ ತೈಲ ಹೊರಬರುವ ಹಾದಿಯಾದ ಹಾರ್ಮುಜ್ ಜಲಸಂಧಿಯಲ್ಲಿ ಉದ್ವಿಗ್ನತೆ ತಲೆದೋರಿದರೆ ಆ ಬಿಸಿ ದಿನಗಳೊಳಗೆ ಎಲ್ಲರ ಜೇಬಿಗೂ ತಟ್ಟುತ್ತದೆ.

ಆದ್ದರಿಂದಲೇ ನನ್ನ ಒತ್ತಾಯ ಇಷ್ಟು: ಬೆಲೆ ಇಳಿದ ದಿನಗಳಲ್ಲಿ ಉಳಿಯುವ ಹಣದಲ್ಲಿ ಒಂದು ಪಾಲನ್ನು ಸರ್ಕಾರಗಳು ವಿದ್ಯುತ್ ಜಾಲಕ್ಕೆ, ಬ್ಯಾಟರಿ ಸಂಶೋಧನೆಗೆ ಮತ್ತು ಸಾರ್ವಜನಿಕ ಸಾರಿಗೆಗೆ ಕಡ್ಡಾಯವಾಗಿ ತೆಗೆದಿಡಬೇಕು.

1979ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದ ಮಾಡಿನ ಮೇಲೆ ನೀರು ಕಾಯಿಸುವ 32 ಸೌರ ಫಲಕಗಳನ್ನು ಹಾಕಿಸಿದ್ದರು. ತೈಲ ಅಗ್ಗವಾದ 1986ರಲ್ಲಿ, ರೇಗನ್ ಆಡಳಿತದಲ್ಲಿ, ಮಾಡಿನ ದುರಸ್ತಿಗೆಂದು ಇಳಿಸಿದ ಅವುಗಳನ್ನು ಮತ್ತೆ ಮೇಲೇರಿಸಲೇ ಇಲ್ಲ. ಅವುಗಳಲ್ಲಿ ಹಲವು ಮುಂದೆ ಮೇನ್ ರಾಜ್ಯದ ಯೂನಿಟಿ ಕಾಲೇಜಿಗೆ ಹೋಗಿ, ಅಲ್ಲಿನ ಊಟದ ಮನೆಗೆ ವರ್ಷಗಟ್ಟಲೆ ನೀರು ಕಾಯಿಸಿ ಕೊಟ್ಟವು.