ಕಡಂಬುಟ್ಟಿನ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ

"ಕಡಂಬುಟ್ಟು, ನೂಲ್‌ಪುಟ್ಟು (ಅಕ್ಕಿ ಶ್ಯಾವಿಗೆ) ಚಟ ಹತ್ತಿಸುತ್ತವೆ, ಅಕ್ಕಿ ತಿಂಡಿ ಬಿಟ್ಟರೆ ಅತಿಯಾಗಿ ತಿನ್ನುವುದು ತಾನಾಗಿ ನಿಲ್ಲುತ್ತದೆ" ಅಂತ ಮಡಿಕೇರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಇದು ಸರಿಯಲ್ಲ. ಕಡಂಬುಟ್ಟು ಅಂದರೆ ಅಕ್ಕಿ ತರಿ, ನೀರು, ಉಪ್ಪು, ಬೇಕಿದ್ದರೆ ಸ್ವಲ್ಪ ಕಾಯಿತುರಿ, ಹಬೆಯಲ್ಲಿ ಬೆಂದಿದ್ದು. ನೆಂಚಿಕೊಳ್ಳಲು ಸಾರು ಇಲ್ಲದೆ ಬರೀ ಅದನ್ನೇ ಹತ್ತು ತಿನ್ನುವವರು ಯಾರಿದ್ದಾರೆ ಹೇಳಿ? (ಸಕ್ಕರೆ ಕಾಯಿಲೆಯವರು ಅಳತೆ ನೋಡಬೇಕು, ಅದು ಬೇರೆ ಮಾತು.)

ಕೈ ನಿಲ್ಲದಂತೆ ಮಾಡುವುದು ಹೆಚ್ಚಾಗಿ ಕೊಬ್ಬಿನ ಜೊತೆ ಸಕ್ಕರೆಯೋ ಉಪ್ಪೋ ಸೇರಿದ ಚಾಕೊಲೇಟ್, ಚಿಪ್ಸ್, ಕ್ರೀಮ್ ಬಿಸ್ಕತ್ತಿನಂಥವು. ಅಮೆರಿಕದಲ್ಲಿ 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 20 ಮಂದಿಗೆ ಎರಡು ವಾರ ಕಾರ್ಖಾನೆಯ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು; ಕಾರ್ಖಾನೆಯ ತಿನಿಸು ಕೊಟ್ಟಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು, ಬೇಗ ಬೇಗ ಬೇರೆ ತಿಂದರು.

ಆದರೆ ಎಲ್ಲರಿಗೂ ಒಂದೇ ಪಟ್ಟಿ ಹೊಂದುವುದಿಲ್ಲ. ಹೊಟ್ಟೆ ತುಂಬಿದ ಮೇಲೂ ಯಾವ ಡಬ್ಬಕ್ಕೆ ಕೈ ಹೋಗುತ್ತದೆ, ಎಷ್ಟು ಹೊತ್ತಿಗೆ, ಬರೆದಿಡಿ. ಅದರ ದೊಡ್ಡ ಪ್ಯಾಕೆಟ್ ತರಬೇಡಿ. ನೆಂಟರಿಗೆ ಕೊಡುವ ಹೋಮ್‌ಮೇಡ್ ಚಾಕೊಲೇಟನ್ನು ಅವರು ಹೊರಡುವ ದಿನ ತಂದರೂ ಆಯಿತು, ಅಲ್ವಾ? ಊಟ ಬಿಡಬೇಡಿ, ಸಂಜೆ ಇನ್ನೂ ಜಾಸ್ತಿ ತಿನ್ನುವಂತಾಗುತ್ತದೆ. ತಡೆಯಲಾಗದೆ ತಿಂದು ಕೊರಗುವುದು ಪದೇ ಪದೇ ಆಗುತ್ತಿದ್ದರೆ ವೈದ್ಯರನ್ನು ಕಾಣಿ, ಚಿಕಿತ್ಸೆ ಇದೆ.