ಹೆಬ್ಬಾತಿನ ಬಾಣಂತನಕ್ಕೂ ಪ್ಯಾಕೇಜ್

ಕೊಡಗಿನಲ್ಲಿ ಮಂಜು ಮಾರಿದ್ದಾಯಿತು, ಮಳೆ ಮಾರಿದ್ದಾಯಿತು, ಕಾಫಿ ಹೂವಿನ ಪರಿಮಳಕ್ಕೂ ರೇಟು ಕಟ್ಟಿದ್ದಾಯಿತು. ಈಗ ಹೆಬ್ಬಾತಿನ ಸಂಸಾರದ ಸರದಿ. ಮಡಿಕೇರಿ ಕಡೆಯ ಒಂದು ರೆಸಾರ್ಟು ಚೆನ್ನಾಗಿದ್ದ ಗದ್ದೆ ಅಗೆದು ಕೊಳ ಮಾಡಿ, 'ಹಿಮಾಲಯದ ಕಾಡು ಹೆಬ್ಬಾತುಗಳ ಸಂತಾನೋತ್ಪತ್ತಿ ಕೇಂದ್ರ' ಅಂತ ಬೋರ್ಡು ಹಾಕಿದೆ. ಬೋರ್ಡಿನಲ್ಲಿ ಪಟ್ಟೆತಲೆ ಹೆಬ್ಬಾತಿನ ಫೋಟೊ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಕೊಳದಲ್ಲಿರುವುದು ಅಪ್ಪಟ ಬಿಳಿಯ ಸಾಕು ಬಾತು. ಪಟ್ಟೆ ಎಲ್ಲಿ ಅಂತ ಕೇಳಿದರೆ ಇಲ್ಲಿನ ಮಳೆಗೆ ತೊಳೆದುಹೋಯಿತು ಅಂದಾರು!

ಪ್ಯಾಕೇಜಿನ ದಿನಾಂಕ ಇನ್ನೂ ಚೆಂದ. ಡಿಸೆಂಬರ್ 24ರಿಂದ 31. ಅಸಲಿ ಹಕ್ಕಿ ಆಗ ಕರ್ನಾಟಕದಲ್ಲೇ ಇರುತ್ತದೆ, ಸುಳ್ಳಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ, ನಂಜನಗೂಡಿನ ಹತ್ತಿರದ ಹದಿನಾರು ಅನ್ನುವ ಊರಿನ ಕೆರೆಗೆ ಬರುತ್ತದೆ. ಆದರೆ ಬರುವುದು ಚಳಿ ತಪ್ಪಿಸಿಕೊಂಡು ಹೊಟ್ಟೆ ತುಂಬಿಸಿಕೊಳ್ಳಲು. ಮೊಟ್ಟೆ ಇಡಬೇಕಾದರೆ ಹಿಮಾಲಯ ದಾಟಿ ಟಿಬೆಟ್ಟು, ಮಂಗೋಲಿಯಾ ಕಡೆ ಹೋಗುತ್ತದೆ, ಕೆಲವು ನಮ್ಮ ಲಡಾಖಿನ ಸರೋವರಗಳಲ್ಲೂ ಗೂಡು ಕಟ್ಟುತ್ತವೆ. ದಾರಿಯಲ್ಲಿ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಷ್ಟು ಕಷ್ಟಪಟ್ಟು, ಜೂನ್ ಹೊತ್ತಿಗೆ ನೆಲದ ಮೇಲಿನ ಗೂಡಿನಲ್ಲಿ ಹೆಣ್ಣು ಹೆಚ್ಚುಕಡಿಮೆ ಒಂದು ತಿಂಗಳು ಕಾವು ಕೂರುತ್ತದೆ, ಗಂಡು ಪಕ್ಕದಲ್ಲಿ ಕಾವಲು ನಿಲ್ಲುತ್ತದೆ. ಜೂನಿನಲ್ಲಿ ನಮ್ಮಲ್ಲಿ ರೂಮುಗಳು ಖಾಲಿ. ಗಿರಾಕಿ ಇಲ್ಲದಾಗ ಮೊಟ್ಟೆ ಇಟ್ಟು ಏನು ಪ್ರಯೋಜನ, ಅಲ್ವಾ?

ಮಕ್ಕಳು ಮರಿಗಳಿಗೆ ತಿನ್ನಿಸಲಿ ಅಂತ ಬ್ರೆಡ್ಡನ್ನೂ ಮಾರುತ್ತಾರೆ. ಹೆಬ್ಬಾತಿನ ಮರಿಗೆ ಅಪ್ಪ ಅಮ್ಮನೇ ತುತ್ತು ಕೊಡುವುದಿಲ್ಲ ಸ್ವಾಮಿ, ಮೊಟ್ಟೆ ಒಡೆದು ಬಂದ ಒಂದೆರಡು ದಿನದಲ್ಲೇ ನೀರಿಗಿಳಿದು ತಾನೇ ಮೇಯುತ್ತದೆ. ಮರಿ ಬೆಳೆಸುವ ಕಾಲದಲ್ಲಿ ದೊಡ್ಡವಕ್ಕೆ ರೆಕ್ಕೆಗರಿ ಉದುರಿ ಕೆಲವು ವಾರ ಹಾರಲು ಆಗುವುದಿಲ್ಲ. ರೆಸಾರ್ಟಿನವರು ಕತ್ತರಿ ಹಿಡಿದು ಆ ಕೆಲವು ವಾರವನ್ನು ವರ್ಷಪೂರ್ತಿ ಮಾಡಿಟ್ಟಿದ್ದಾರೆ.

ಫಾರೆಸ್ಟ್‌ನವರು ಬಂದರೆ ಏನು ಮಾಡುತ್ತೀರಿ ಅಂತ ಮ್ಯಾನೇಜರನ್ನು ಕೇಳಿದೆ. 1972ರ ವನ್ಯಜೀವಿ ಕಾಯ್ದೆ ಅವರಿಗೂ ಗೊತ್ತು. ಬೆಂಗಳೂರಿನವರು ಬಂದಾಗ ಇವು ಕಾಡಿನವು, ಇಲಾಖೆಯವರು ಬಂದಾಗ ಸಂತೆಯಲ್ಲಿ ತಂದವು, ಎರಡಕ್ಕೂ ಬೇರೆ ಬೇರೆ ಬೋರ್ಡು ರೆಡಿ ಇದೆಯಂತೆ. ನನಗೆ ಯಾವುದನ್ನು ತೋರಿಸುವುದು ಅಂತ ಅವರು ಸ್ವಲ್ಪ ಯೋಚಿಸಿದರು. ಕೊನೆಗೆ ಬೆಳಗಿನ ತಿಂಡಿಯ ಮೆನು ಕೊಟ್ಟರು. ಮೇಲ್ಗಡೆಯೇ ದಪ್ಪಕ್ಷರದಲ್ಲಿ ಬರೆದಿದ್ದರು: ಕಾಡು ಹೆಬ್ಬಾತಿನ ಮೊಟ್ಟೆಯ ಆಮ್ಲೆಟ್.